ಅಂಕಿ ಅಕ್ಕ ಬರೆದ ಸೊನ್ನೆಗಳು

ಕೈಕಾಲು ಮುರಿದುಕೊಂಡ, ಹೊಟ್ಟೆ ಕೊಯ್ಸಿಕೊಂಡ ಮಕ್ಕಳು ಮಲಗುವ ವಾರ್ಡಿನಲ್ಲಿ ಒಬ್ಬ ನರ್ಸ್ ಇದ್ದಳು. ಮಕ್ಕಳು ಅವಳನ್ನು ಅಂಕಿ ಅಕ್ಕ ಎನ್ನುತ್ತಿದ್ದರು. ಎರಡು ಗಂಟೆಗೊಮ್ಮೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದ ಉದ್ದನೆಯ ರಟ್ಟನ್ನು ಎದುರಿಗೆ ಹಿಡಿದು, “ಈಗ ನೋವು ಎಷ್ಟಿದೆ, ತೋರಿಸು ನೋಡೋಣ” ಎಂದು ಕೇಳುವುದು ಅವಳ ಕೆಲಸ. ಸೊನ್ನೆಯ ಮೇಲೆ ನಗುವ ಮುಖ, ಹತ್ತರ ಮೇಲೆ ಕಣ್ಣೀರು ಸುರಿಸುವ ಮುಖ.

ಉತ್ತರಗಳು ನಾನಾ ನಮೂನೆ. ಒಬ್ಬಳಿಗೆ ಯಾವಾಗಲೂ ನೂರು. ಇನ್ನೊಬ್ಬ, “ನಂಗೆ ಐದರ ತನಕ ಮಾತ್ರ ಬರುತ್ತೆ, ಅದಕ್ಕೇ ಐದು” ಎಂದಿದ್ದ. ಮತ್ತೊಬ್ಬ ತುಂಟ ಅಳುವ ಮುಖವನ್ನು ದಿಟ್ಟಿಸಿ ನೋಡಿ, “ಪಾಪ, ಮೊದಲು ಇವನಿಗೆ ಔಷಧಿ ಕೊಡಿ ಅಕ್ಕ” ಎಂದು ಇಡೀ ವಾರ್ಡನ್ನು ನಗಿಸಿದ್ದ. ಮನೆಗೆ ಹೋದರೆ ಅತ್ತೆಯ ದೂರು. “ಊರ ಮಕ್ಕಳ ನೋವೆಲ್ಲ ಕೇಳ್ಕೊಂಡು ಬರ್ತೀಯ. ನನ್ನ ಮಂಡಿದು ಎಷ್ಟು ಅಂತ ಒಂದು ದಿನ ಕೇಳಿದ್ಯಾ?”

“ಎಷ್ಟು ಅತ್ತೆ?”

“ಹನ್ನೊಂದು.”

ಈ ಕೆಲಸವನ್ನು ಅವಳು ಕೇಳಿ ಪಡೆದದ್ದು. ಆರು ವರ್ಷದವಳಿದ್ದಾಗ ಕುದಿಯುವ ನೀರಿನ ಪಾತ್ರೆ ಮಗುಚಿ ಅವಳ ಎಡಗೈ ಮೊಣಕೈವರೆಗೆ ಬೆಂದಿತ್ತು. ದಿನ ಬಿಟ್ಟು ದಿನ ಗಾಯಕ್ಕೆ ಅಂಟಿದ ಬಟ್ಟೆಯನ್ನು ಕಿತ್ತು ಹೊಸ ಬಟ್ಟೆ ಕಟ್ಟುತ್ತಿದ್ದರು. ನೋವಿಗೆ ಏನೂ ಕೊಡುತ್ತಿರಲಿಲ್ಲ. “ಚಿಕ್ಕ ಮಕ್ಕಳಿಗೆ ಅಷ್ಟೊಂದು ಗೊತ್ತಾಗಲ್ಲಮ್ಮ, ನಾಳೆಗೆ ಮರೆತುಬಿಡ್ತಾರೆ” ಎಂದು ಕಟ್ಟುವವನು ಅವಳ ತಾಯಿಗೆ ಸಮಾಧಾನ ಹೇಳುತ್ತಿದ್ದ. ನಲವತ್ತು ವರ್ಷ ಕಳೆದರೂ ಅವಳು ಮರೆತಿರಲಿಲ್ಲ. ಅವನ ಉಗುರಿನ ಆಕಾರ ಕೂಡ ನೆನಪಿತ್ತು.

ಹಾಗಾಗಿ ದೊಡ್ಡ ಡಾಕ್ಟರು ಮಕ್ಕಳ ನೋವಿನ ಹೊಸ ಮದ್ದೊಂದರ ಪರೀಕ್ಷೆ ಶುರುಮಾಡಿ, ಅದಕ್ಕೆಂದೇ ಒಬ್ಬ ನರ್ಸ್ ಬೇಕೆಂದಾಗ ಕೈಯೆತ್ತಿದವಳು ಅವಳೇ. ದೊಡ್ಡ ನೋವಿಗೆ ಆಸ್ಪತ್ರೆಗಳಲ್ಲಿ ಇರುವ ದೊಡ್ಡ ಮದ್ದು ಅಫೀಮಿನ ಕುಲದ್ದು. ನೋವನ್ನು ಅದು ಅಡಗಿಸುತ್ತದೆ ನಿಜ. ಜೊತೆಗೆ ಮಂಪರು ತರುತ್ತದೆ, ಹೆಚ್ಚಾದರೆ ಉಸಿರನ್ನೂ ನಿಧಾನ ಮಾಡುತ್ತದೆ. ಮಕ್ಕಳಿಗೆ ಅದನ್ನು ಕೊಡುವಾಗ ಡಾಕ್ಟರುಗಳೇ ಹೆದರುತ್ತಾರೆ, ಹೆದರಿ ಕಡಿಮೆ ಕೊಡುತ್ತಾರೆ, ಮಗು ನರಳುತ್ತದೆ. ಹೊಸ ಮದ್ದು ಆ ಕುಲಕ್ಕೆ ಸೇರಿದ್ದಲ್ಲ. ದೊಡ್ಡವರಲ್ಲಿ ಗುಣ ಕಂಡಿತ್ತು. ಆದರೆ ದೊಡ್ಡವರ ಅಂಗಿಯನ್ನು ಕತ್ತರಿಸಿ ಮಗುವಿಗೆ ಹೊಲಿದಂತೆ ದೊಡ್ಡವರ ಮದ್ದನ್ನು ಕತ್ತರಿಸಿ ಕೊಡಲಾಗುವುದಿಲ್ಲ. ಮಕ್ಕಳಿಗೇ ಕೊಟ್ಟು ನೋಡಬೇಕು.

ನೋಡುವ ರೀತಿ ಹೀಗಿತ್ತು. ಆಪರೇಷನ್ ಆದ ಎಲ್ಲ ಮಕ್ಕಳಿಗೂ ಮಾಮೂಲಿ ನೋವಿನ ಸಿರಪ್. ಅದರ ಮೇಲೆ ಅರ್ಧ ಮಕ್ಕಳಿಗೆ ಹೊಸ ಮದ್ದು, ಇನ್ನರ್ಧ ಮಕ್ಕಳಿಗೆ ನೋಡಲು ಹಾಗೇ ಇರುವ, ಅದೇ ರುಚಿಯ ಸಿಹಿನೀರು. ಯಾರಿಗೆ ಯಾವುದು ಎಂಬುದು ಮಗುವಿಗೂ ಗೊತ್ತಿಲ್ಲ, ತಂದೆತಾಯಿಗೂ ಗೊತ್ತಿಲ್ಲ, ಅಕ್ಕನಿಗೂ ಡಾಕ್ಟರಿಗೂ ಗೊತ್ತಿಲ್ಲ; ಪಟ್ಟಿ ಬೇರೆ ಕಡೆ ಬೀಗದಲ್ಲಿ. ಮಗು ನಾಲ್ಕು ಎಂದರೆ, ಅಥವಾ ಅದಕ್ಕಿಂತ ಹೆಚ್ಚು ಎಂದರೆ, ಸಿಹಿನೀರೋ ಮದ್ದೋ ಎಂದು ಯೋಚಿಸದೆ ಕೂಡಲೇ ಅಫೀಮಿನ ಕುಲದ ಇಂಜೆಕ್ಷನ್ ಕೊಡಬೇಕು. ಯಾವ ಮಗುವೂ ಸುಮ್ಮನೆ ನರಳಬಾರದೆಂದು ಮಾಡಿದ ಏರ್ಪಾಡು ಅದು. ಎಲ್ಲವೂ ನಿಂತದ್ದು ಮಗು ಹೇಳುವ ಅಂಕಿಯ ಮೇಲೆ.

ಮಗು ಸುಳ್ಳು ಹೇಳಿದರೆ ನನಗೆ ತಿಳಿಯುತ್ತದೆ ಎಂಬ ಹೆಮ್ಮೆ ಅಕ್ಕನಿಗಿತ್ತು. ಬಿಸ್ಕತ್ತು ಕಡಿಯುತ್ತ ಹತ್ತು ಎನ್ನುವವನ ಹತ್ತನ್ನು ಅವಳು ನಂಬುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದಳು. ಹೆಚ್ಚು ಹೇಳುವ ಮಕ್ಕಳನ್ನು ಅವಳು ನೂರಾರು ಕಂಡಿದ್ದಳು. ಕಡಿಮೆ ಹೇಳುವ ಮಗುವನ್ನು ಕಂಡಿರಲಿಲ್ಲ.

ಪರೀಕ್ಷೆ ಶುರುವಾದ ಎಂಟನೇ ತಿಂಗಳು ಎಂಟು ವರ್ಷದ ಹುಡುಗಿಯೊಬ್ಬಳು ಬಂದಳು. ಶಾಲೆಯ ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಜಾರಿ ಆಡುವಾಗ ಬಿದ್ದು ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡಾಗಿತ್ತು. ಕಾಲಿಗೆ ಮರದ ಪಟ್ಟಿ ಕಟ್ಟಿಸಿಕೊಂಡು ಸ್ಟ್ರೆಚರಿನ ಮೇಲೆ ಬರುತ್ತಲೇ, ದೂಡುವವನಿಗೆ “ಇದಕ್ಕೆ ಬ್ರೇಕ್ ಎಲ್ಲಿದೆ ಅಂಕಲ್? ಹಾರ್ನ್ ಯಾಕಿಲ್ಲ?” ಎಂದು ಕೇಳುತ್ತಿದ್ದಳು. ಅರ್ಧ ದಿನದಲ್ಲಿ ವಾರ್ಡಿಗೆಲ್ಲ ಅವಳು ಮಾತಿನಮಲ್ಲಿ. ಸಂಜೆಯ ಹೊತ್ತಿಗೆ ಬರೀ ಮಲ್ಲಿ.

ಜೊತೆಗಿದ್ದವರು ತಾಯಿ ಮತ್ತು ತಾಯಿಯ ತಾಯಿ. ತಂದೆ ಲಾರಿಯಲ್ಲಿ ದೂರ ಹೋದವನು, ಬರಲು ಮೂರು ದಿನವಿತ್ತು. ತಾಯಿ ಏಳು ತಿಂಗಳ ಬಸುರಿ. ಒಪ್ಪಿಗೆಯ ಕಾಗದವನ್ನು ಅವಳು ಎರಡು ಸಲ ಓದಿದಳು.

“ಇವಳಿಗೆ ಸಿಹಿನೀರೇ ಬಂದ್ರೆ ಗತಿ ಏನು ಸಿಸ್ಟರ್?”

“ನೋವು ಅಂದ ಕೂಡಲೇ ಬೇರೆ ಇಂಜೆಕ್ಷನ್ ಇದೆ. ಅವಳು ಬಾಯಿಬಿಟ್ಟು ಹೇಳಿದ್ರೆ ಸಾಕು” ಎಂದು ಅಕ್ಕ ನಕ್ಕಳು. “ನಿಮ್ಮ ಮಗಳು ಬಾಯಿ ಬಿಡದೆ ಇರೋ ಪೈಕಿನಾ?”

ತಾಯಿಯೂ ನಕ್ಕು ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದರು. ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕ ರಟ್ಟು ಹಿಡಿದಾಗ ಮಲ್ಲಿ ಪಕ್ಕದಲ್ಲಿ ಕೂತಿದ್ದ ತಾಯಿಯತ್ತ ನೋಡಿ ಎರಡರ ಮೇಲೆ ಬೆರಳಿಟ್ಟಳು. ಎರಡು ಗಂಟೆಗೆ ಒಂದು. ನಾಲ್ಕು ಗಂಟೆಗೆ ಸೊನ್ನೆ.

“ಭೇಷ್” ಎಂದಳು ಅಕ್ಕ. ಇವಳಿಗೆ ಬಂದಿರುವುದು ಹೊಸ ಮದ್ದೇ ಇರಬೇಕು, ಅದು ಕೆಲಸ ಮಾಡುತ್ತಿದೆ ಎಂದು ಮನಸ್ಸು ಹಿಗ್ಗಿತು. ಹಾಗೆ ಅಂದಾಜು ಮಾಡಬಾರದೆಂದು ನಿಯಮವಿತ್ತು. ಮನಸ್ಸಿಗೆ ನಿಯಮವೆಲ್ಲಿ?

“ಅಮ್ಮ ಊಟಕ್ಕೆ ಹೋಗಲ್ವಾ ಅಕ್ಕ?” ಎಂದು ಮಲ್ಲಿ ಕೇಳಿದಳು.

“ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಕಣೆ” ಎಂದು ತಾಯಿ ಅವಳ ಹಣೆ ಸವರಿದಳು.

ಆರು ಗಂಟೆಗೂ ಸೊನ್ನೆ. ಕಾಲ ಬೆರಳು ಮುಟ್ಟಿ ನೋಡಿದಾಗ ಬೆಚ್ಚಗಿದ್ದವು. ಆಡಿಸು ಎಂದರೆ, “ನಿದ್ದೆ ಬರ್ತಿದೆ, ಆಮೇಲೆ” ಎಂದಳು. ದಿಂಬಿನ ಒಂದು ಮೂಲೆ ಒದ್ದೆಯಾಗಿ ಮುದುಡಿಕೊಂಡಿತ್ತು. ನಿದ್ದೆಯಲ್ಲಿ ಜೊಲ್ಲು ಸುರಿಸಿದ್ದಾಳೆ ಎಂದುಕೊಂಡು ಅಕ್ಕ ದಿಂಬನ್ನು ಮಗುಚಿ ಹಾಕಿದಳು. ಮಲ್ಲಿ ಮತ್ತೆ ಕೇಳಿದಳು: “ಅಮ್ಮಂಗೆ ಹಸಿವಾಗಿರುತ್ತೆ. ಊಟಕ್ಕೆ ಕಳಿಸಿ ಅಕ್ಕ.” ಎಂಥ ಕರುಳಿನ ಮಗು ಎಂದು ಅಕ್ಕನಿಗೆ ಕಣ್ಣು ತುಂಬಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು.

ರಾತ್ರಿ ಪಾಳಿಯ ನರ್ಸ್ ಬರೆದ ಹಾಳೆಯಲ್ಲಿ ಮೊದಲು ಸೊನ್ನೆ, ಆಮೇಲೆ ಬೆಳಗಿನವರೆಗೂ “ಮಲಗಿದ್ದಾಳೆ.” ಅವಳ ಕಣ್ಣು ಮುಚ್ಚಿಯೇ ಇತ್ತಂತೆ.

ಬೆಳಿಗ್ಗೆ ಎಂಟಕ್ಕೆ ಅಕ್ಕ ಬಂದಾಗ ತಾಯಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಮಲ್ಲಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾತಿಲ್ಲ. ಅಕ್ಕ ಪ್ಲಾಸ್ಟರಿನಿಂದ ಹೊರಗಿದ್ದ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದಳು. ಹುಡುಗಿಯ ಬೆನ್ನು ಹಾಸಿಗೆಯಿಂದ ಮೇಲೆದ್ದಿತು. ಬಾಯಿಂದ ಸದ್ದು ಬರಲಿಲ್ಲ.

ಹತ್ತು ನಿಮಿಷದಲ್ಲಿ ಪ್ಲಾಸ್ಟರ್ ಕತ್ತರಿಸಿದರು. ಒಳಗೆ ಕಾಲು ಊದಿ, ಚರ್ಮ ಮಿರಿಮಿರಿ ಹೊಳೆಯುತ್ತ, ಕಲ್ಲಿನಂತೆ ಗಟ್ಟಿಯಾಗಿತ್ತು. ಮುರಿದ ಮೂಳೆಯ ಸುತ್ತ ಬಾವು ಏರಿ, ಅದಕ್ಕೆ ಹಿಗ್ಗಲು ಜಾಗವಿಲ್ಲದೆ, ಮಾಂಸಖಂಡವನ್ನೇ ಹಿಸುಕಿ ರಕ್ತ ನಿಲ್ಲಿಸಿಬಿಡುವುದು ಉಂಟು. ಅಪರೂಪ, ಆದರೆ ಉಂಟು. ಅದು ಮೊದಲು ಕೊಡುವ ಸೂಚನೆ ತಡೆಯಲಾರದ ನೋವು. ಕೆಲವು ಗಂಟೆಗಳೊಳಗೆ ಕೊಯ್ದು ಬಿಡಿಸಿದರೆ ಕಾಲು ಉಳಿಯುತ್ತದೆ. ಇಲ್ಲಿ ಇಡೀ ಒಂದು ರಾತ್ರಿ ಹೋಗಿತ್ತು. ಕೊಯ್ದು ನೋಡಿದರು, ಕಾದರು, ಮತ್ತೆ ಕೊಯ್ದರು. ಲಾರಿಯಿಂದ ಇಳಿದವನೇ ಧೂಳು ಮೈಯಲ್ಲಿ ಓಡಿಬಂದ ತಂದೆಯ ಸಹಿ ಪಡೆದು, ಐದನೇ ದಿನ ಮೊಣಕಾಲಿನ ಕೆಳಗೆ ಕಾಲನ್ನು ತೆಗೆದರು.

ಅಷ್ಟರಲ್ಲಿ ತಾಯಿಗೆ ರಕ್ತದೊತ್ತಡ ಏರಿ, ಅವಳನ್ನು ಹೆರಿಗೆ ವಿಭಾಗಕ್ಕೆ ಸೇರಿಸಿದ್ದರು. ಕಾಲು ತೆಗೆದ ಮರುದಿನ ಮಧ್ಯಾಹ್ನ ಮಲ್ಲಿಯ ಹತ್ತಿರ ಅಕ್ಕ ಒಬ್ಬಳೇ ಇದ್ದಳು. ರಟ್ಟು ತಂದಿರಲಿಲ್ಲ. ಅದನ್ನು ಮುಟ್ಟಲು ಮನಸ್ಸು ಬಂದಿರಲಿಲ್ಲ.

“ಅಮ್ಮ ಇಲ್ವಾ?” ಎಂದಳು ಮಲ್ಲಿ.

“ಇಲ್ಲ ಪುಟ್ಟ. ಬೇರೆ ವಾರ್ಡಲ್ಲಿದ್ದಾರೆ.”

“ಹಾಗಾದ್ರೆ ಈಗ ಹೇಳ್ಲಾ?”

“ಏನು?”

“ಹತ್ತು.” ಮಲ್ಲಿ ದನಿ ತಗ್ಗಿಸಿ ಹೇಳಿದಳು: “ಆವತ್ತೂ ಹತ್ತೇ ಇತ್ತು ಅಕ್ಕ. ಅಮ್ಮ ಊಟಕ್ಕೆ ಹೋದ್ರೆ ಹೇಳೋಣ ಅಂತಿದ್ದೆ. ಹೋಗಲೇ ಇಲ್ಲ.”

ಅಕ್ಕ ಮೊದಲು ಇಂಜೆಕ್ಷನ್ ತಂದು ಕೊಟ್ಟಳು. ಆಮೇಲೆ ಕೇಳಿದಳು. ಹುಡುಗಿ ಪಿಸುಗುಟ್ಟುತ್ತ ಹೇಳಿದ್ದು ಇಷ್ಟು: ಆಪರೇಷನ್ನಿಗೆ ಮುಂಚೆ ಅಜ್ಜಿ ಕಿವಿಯಲ್ಲಿ ಹೇಳಿದ್ದರು, ಅಮ್ಮನ ಮುಂದೆ ನೋವು ಅನ್ನಬೇಡ, ಅಳಬೇಡ, ಅಮ್ಮ ಹೆದರಿದರೆ ಹೊಟ್ಟೆಯೊಳಗಿನ ಪಾಪು ಹೋಗಿಬಿಡುತ್ತೆ, ಮುಂಚೆಯೂ ಹಾಗೇ ಹೋಗಿದ್ದು ಅಂತ.

“ಪಾಪು ಇದೆಯಲ್ವಾ ಅಕ್ಕ?”

“ಇದೆ” ಎಂದಳು ಅಕ್ಕ. “ಚೆನ್ನಾಗಿದೆ.”

ಅಂದೇ ಸಂಜೆ ಅಜ್ಜಿ ಕಾರಿಡಾರಿನ ಬೆಂಚಿನ ಮೇಲೆ ಸಿಕ್ಕಿದರು. ಮಡಿಲಲ್ಲಿ ಮೊಮ್ಮಗಳ ಎರಡು ಚಪ್ಪಲಿಗಳಿದ್ದವು. ಆಸ್ಪತ್ರೆಯವರು ಬಟ್ಟೆಬರೆಯ ಗಂಟಿನ ಜೊತೆ ಕೊಟ್ಟಿದ್ದು.

“ಸಿಸ್ಟರಮ್ಮ, ಅವಳು ನಿನ್ನ ಹತ್ರ ಹೇಳಿದ್ಲಾ?” ಎಂದರು. ಅಕ್ಕ ಪಕ್ಕದಲ್ಲಿ ಕೂತಳು.

“ಮೂರು ಹೋಗಿದ್ವು. ಮೂರೂ ಏಳನೇ ತಿಂಗಳಲ್ಲೇ. ಇದೊಂದು ಉಳೀಲಿ ಅಂತ ಹೇಳಿದೆ. ಮಗು ಎರಡು ಸಲ ಅತ್ತು ಹಟ ಮಾಡುತ್ತಲ್ಲ, ಅಷ್ಟು ಮಾಡದೆ ಇರ್ಲಿ ಅಂತ. ಅವಳು ಯಾವತ್ತು ನನ್ನ ಮಾತು ಕೇಳಿದ್ಲು? ಸ್ನಾನ ಮಾಡು ಅಂದ್ರೆ ಕೇಳಲ್ಲ, ಓದು ಅಂದ್ರೆ ಕೇಳಲ್ಲ. ಇದೊಂದನ್ನ ಕೇಳಿಬಿಟ್ಲಲ್ಲ.”

ಅಜ್ಜಿ ಚಪ್ಪಲಿಗಳನ್ನು ಮಡಿಲಲ್ಲಿ ಜೋಡಿಸಿಟ್ಟು, “ಮಗಳಿಗೆ ಹೇಳ್ತೀಯಾ?” ಎಂದರು.

“ನಾನು ಹೇಳಲ್ಲ ಅಜ್ಜಿ.”

ಪರೀಕ್ಷೆಯನ್ನು ನಿಲ್ಲಿಸಿದರು. ಹೊರಗಿನಿಂದ ಮೂವರು ವಿಚಾರಣೆಗೆ ಬಂದರು. ಅವರ ಮೊದಲ ಅನುಮಾನ ನ್ಯಾಯವಾದದ್ದೇ: ಹೊಸ ಮದ್ದು ನೋವನ್ನು ಪೂರ್ತಿ ಅಡಗಿಸಿ ಕಾಯಿಲೆಯನ್ನು ಮುಚ್ಚಿಟ್ಟಿತೇ? ಬೀಗದಲ್ಲಿದ್ದ ಪಟ್ಟಿ ತರಿಸಿ, ದೊಡ್ಡ ಡಾಕ್ಟರ ಕೋಣೆಯಲ್ಲಿ ಎಲ್ಲರೆದುರು ತೆರೆದು ಓದಿದರು. ಮಲ್ಲಿಗೆ ಬಂದದ್ದು ಸಿಹಿನೀರು.

“ಹಾಗಾದ್ರೆ ಮದ್ದಿನ ತಪ್ಪಿಲ್ಲ” ಎಂದರು ಬಂದವರಲ್ಲೊಬ್ಬರು. ಕೋಣೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಮದ್ದೇ ಆಗಿದ್ದರೆ, ತಪ್ಪು ಅದರದೇ ಆಗಿದ್ದರೆ, ಆ ರಾತ್ರಿ ಹುಡುಗಿಗೆ ಅಷ್ಟಾದರೂ ಆರಾಮವಿತ್ತು ಎಂದು ಅಕ್ಕ ಅಂದುಕೊಳ್ಳಬಹುದಿತ್ತು. ಈಗ ಅದೂ ಇಲ್ಲ. ಅಷ್ಟು ಹೊತ್ತನ್ನು ಆ ಮಗು ಮಾಮೂಲಿ ಸಿರಪ್ಪಿನ ಮೇಲೆ, ದಿಂಬು ಕಚ್ಚಿಕೊಂಡು, ಒಬ್ಬಳೇ ತಡೆದುಕೊಂಡಿದ್ದಳು.

ಅಂಕಿಗಳು ಯಾಕೆ ತಪ್ಪಾದವು ಎಂದು ಬರೆದುಕೊಡಲು ಅವಳಿಗೆ ಹೇಳಿದರು. ಅಕ್ಕ ಹೀಗೆ ಬರೆದಳು: “ತಾಯಿಯ ಎದುರಿನಲ್ಲಿಯೇ ಪ್ರಶ್ನೆ ಕೇಳಿದೆ. ತಾಯಿ ಗಾಬರಿಯಾದಾರು ಎಂಬ ಹೆದರಿಕೆಯಿಂದ ಮಗು ನಿಜ ಹೇಳಲಿಲ್ಲ. ಮಗು ಎರಡು ಸಲ ತಾಯಿಯನ್ನು ಊಟಕ್ಕೆ ಕಳಿಸಲು ನನ್ನನ್ನು ಕೇಳಿತು. ನನಗೆ ಅರ್ಥವಾಗಲಿಲ್ಲ. ಬೆರಳು ಆಡಿಸದೆ ಇದ್ದಾಗ ನಾನು ಡಾಕ್ಟರನ್ನು ಕರೆಯಲಿಲ್ಲ.” ಅಜ್ಜಿಯ ಮಾತು ಅದರಲ್ಲಿ ಇರಲಿಲ್ಲ. ತಪ್ಪಿಗೆ ಎಚ್ಚರಿಕೆಯ ಪತ್ರವೊಂದು ಬಂತು. ಅದನ್ನು ಅವಳು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಆಮೇಲೆ ಒಂಬತ್ತು ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಕ್ಕ ಅಲ್ಲಿಗೆ ಬಂದು, “ಬಿಟ್ಟುಬಿಡ್ತೀನಿ ರೀ. ಇನ್ನು ಆ ರಟ್ಟು ಹಿಡಿಯೋಕೆ ನನ್ನ ಕೈಲಾಗಲ್ಲ” ಎಂದಳು.

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದ.

“ಬಿಡೋದಾದ್ರೆ ಬಿಡು. ನಿನ್ನ ಜಾಗಕ್ಕೆ ಯಾರು ಬರ್ತಾರೆ?”

“ಯಾರಾದ್ರೂ ಬರ್ತಾರೆ.”

“ಅವಳು ಮಗೂನ ಕೇಳೋಕೆ ಮುಂಚೆ ಅಮ್ಮನ್ನ ಹೊರಗೆ ಕಳಿಸ್ತಾಳಾ?”

ಹತ್ತನೆಯ ದಿನ ಅವಳು ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು ಹೊರಟಳು.

ಪರೀಕ್ಷೆ ಮತ್ತೆ ಶುರುವಾದಾಗ ನೋವಿನ ಅಂಕಿ ಬರೆಯುವ ಹಾಳೆ ಬದಲಾಗಿತ್ತು. ಮಾತು ಬಲ್ಲ ಮಗುವನ್ನು ಮನೆಯವರಿಲ್ಲದಾಗ ಕೇಳಬೇಕು. ಕೇಳುವಾಗ ಕೋಣೆಯಲ್ಲಿ ಯಾರಿದ್ದರೆಂದು ಬರೆಯಬೇಕು. ಕಾಲು ಮುರಿದ ಮಗುವಿನ ಬೆರಳನ್ನು ನರ್ಸೇ ಬಾಗಿಸಿ ನೋಡಬೇಕು. ಮೂರೂ ಅಕ್ಕ ಪಟ್ಟುಹಿಡಿದು ಸೇರಿಸಿದ್ದು. ತಾಯಂದಿರು ಬೈದುಕೊಂಡೇ ಎದ್ದುಹೋಗುತ್ತಿದ್ದರು. “ನನ್ನ ಮಗು ನನ್ನ ಹತ್ರ ಮುಚ್ಚಿಡುತ್ತಾ?” ಎಂದು ಒಬ್ಬಳು ಜಗಳಕ್ಕೇ ನಿಂತಳು. “ಎರಡೇ ನಿಮಿಷ ಅಮ್ಮಾ, ನೀರು ಕುಡ್ಕೊಂಡು ಬನ್ನಿ” ಎನ್ನುತ್ತಿದ್ದಳು ಅಕ್ಕ. ಅವರು ಬಾಗಿಲು ದಾಟಿದ ಮೇಲೆ ಕೆಲವು ಮಕ್ಕಳ ಅಂಕಿ ಒಂದರಿಂದ ಆರಕ್ಕೆ ಏರಿತು. ಹಾಗೆ ಏರಿದ ಪ್ರತಿ ಸಲವೂ ಅವಳು ಇಂಜೆಕ್ಷನ್ ಕೊಟ್ಟು, ಸಾಮಾನಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು.

ತಾಯಿಗೆ ಹೆಣ್ಣು ಮಗು ಹುಟ್ಟಿತು, ಉಳಿಯಿತು. ಹತ್ತು ತಿಂಗಳ ಮೇಲೆ ಅವರೆಲ್ಲ ಆಸ್ಪತ್ರೆಗೆ ಬಂದಿದ್ದರು. ಮಲ್ಲಿಯ ಕೃತಕ ಕಾಲು ಬಿಗಿಯಾಗಿತ್ತು, ಸರಿಮಾಡಿಸಬೇಕಿತ್ತು. ಹುಡುಗಿ ಉದ್ದವಾಗಿದ್ದಳು, ಮಾತು ಅರ್ಧಕ್ಕಿಳಿದಿತ್ತು. ಅವಳನ್ನು ಅಳತೆಗೆ ಒಳಗೆ ಕರೆದುಕೊಂಡು ಹೋದಾಗ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಕ್ಕನ ಹತ್ತಿರ ಬಂದಳು.

“ಸಿಸ್ಟರ್, ಒಂದು ಕೇಳ್ತೀನಿ. ಅವಳು ನನ್ನ ಮುಂದೆ ಯಾಕೆ ಹೇಳಲಿಲ್ಲ?”

“ನಾನು ಕೇಳಿದ ರೀತಿ ಸರಿಯಿರಲಿಲ್ಲಮ್ಮ.”

“ಅದಲ್ಲ ನಾನು ಕೇಳಿದ್ದು.”

ದೂರದಲ್ಲಿ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು, ಹತ್ತು ತಿಂಗಳಲ್ಲಿ ಹತ್ತು ವರ್ಷ ಮುದುಕಿಯಾಗಿ. ತಾಯಿ ಅತ್ತ ನೋಡಿದಳು. ಹೆಗಲ ಮೇಲಿನ ಮಗುವಿನ ಬೆನ್ನು ತಟ್ಟುತ್ತ ತುಂಬ ಹೊತ್ತು ನೋಡಿದಳು.

“ನಮ್ಮಮ್ಮ ಈ ಮಗೂನ ಎತ್ಕೊಳ್ಳೋದೇ ಇಲ್ಲ ಸಿಸ್ಟರ್. ಒಂದು ಸಲನೂ ಎತ್ಕೊಂಡಿಲ್ಲ” ಎಂದಳು. ಮತ್ತೇನೂ ಕೇಳದೆ ನಡೆದು ಹೋಗಿ, ಅಜ್ಜಿಯ ಮಡಿಲಿಗೆ ಮಗುವನ್ನು ಇಳಿಸಿ, ಪಕ್ಕದಲ್ಲಿ ಕೂತಳು. ಅಜ್ಜಿ ಎರಡೂ ಕೈಗಳನ್ನು ಮಗುವಿಗೆ ತಾಗದಂತೆ ಮೇಲೆತ್ತಿ ಹಿಡಿದಿದ್ದರು. ಆಮೇಲೆ ಇಳಿಸಿದರು.

ಪರೀಕ್ಷೆ ಮುಗಿಯಲು ಇನ್ನೂ ಒಂದು ವರ್ಷ ಹಿಡಿಯಿತು. ಮದ್ದು ಪವಾಡವೇನೂ ಮಾಡಲಿಲ್ಲ. ದೊಡ್ಡ ಮಕ್ಕಳಲ್ಲಿ ಅಫೀಮಿನ ಕುಲದ ಇಂಜೆಕ್ಷನ್ನಿನ ಅಗತ್ಯ ಸಾಕಷ್ಟು ಕಡಿಮೆಯಾಗಿತ್ತು. ತೀರ ಚಿಕ್ಕವರ ವಿಷಯದಲ್ಲಿ ಗುಣ ಇದೆ ಎನ್ನಲೂ ಇಲ್ಲ ಎನ್ನಲೂ ಆಗಲಿಲ್ಲ. ದೊಡ್ಡ ಡಾಕ್ಟರು ಅಕ್ಕನನ್ನು ಕರೆಸಿ, ಅಚ್ಚಿಗೆ ಹೋಗುವ ಮುಂಚೆ ವರದಿಯನ್ನು ಅವಳ ಕೈಗೆ ಕೊಟ್ಟರು. ಅವಳು ಹಾಳೆ ತಿರುವುತ್ತ ಹೋದಳು.

“ಮಲ್ಲಿ ಅಂಕಿನೂ ಇದರಲ್ಲಿ ಸೇರಿದ್ಯಾ ಡಾಕ್ಟ್ರೇ?”

“ಸೇರಿದೆ. ಬೇಡದ್ದನ್ನ ತೆಗೆಯೋಕೆ ಶುರು ಮಾಡಿದ್ರೆ ಪರೀಕ್ಷೆಗೆ ಬೆಲೆ ಇರಲ್ಲ ಸಿಸ್ಟರ್.”

“ಯಾವುದು ಹಾಕಿದ್ದೀರಿ?”

“ಹಾಳೇಲಿ ಇರೋದೇ. ಎರಡು, ಒಂದು, ಆಮೇಲೆ ಸೊನ್ನೆಗಳು.”

“ಆಮೇಲೆ ಅವಳು ಹತ್ತು ಅಂತ ಹೇಳಿದ್ಲಲ್ಲ.”

“ಕೇಳಿದ ಹೊತ್ತಿಗೆ ಹೇಳಿದ್ದು ಮಾತ್ರ ಲೆಕ್ಕಕ್ಕೆ. ಕೆಳಗೆ ಒಂದು ಟಿಪ್ಪಣಿ ಇದೆ. ಅದಕ್ಕಿಂತ ಹೆಚ್ಚು ಮಾಡೋ ಹಾಗಿಲ್ಲ.”

ಅವರು ಕೊನೆಯ ಪಟ್ಟಿಯನ್ನು ತೋರಿಸಿದರು. ಅಲ್ಲಿ ಯಾವ ಮಗುವಿಗೂ ಹೆಸರಿಲ್ಲ, ಒಂದೊಂದು ಸಂಖ್ಯೆ ಅಷ್ಟೆ. ಮಲ್ಲಿಯ ಸಂಖ್ಯೆ ಅಕ್ಕನಿಗೆ ಬಾಯಿಪಾಠವಾಗಿತ್ತು. ಸಿಹಿನೀರು ಕುಡಿದ ಎಲ್ಲ ಮಕ್ಕಳನ್ನೂ ನೋವಿನ ಪ್ರಕಾರ ಜೋಡಿಸಿದ್ದರು. ಎಲ್ಲರಿಗಿಂತ ಕಡಿಮೆ ನೋವು ಉಂಡ ಮಗುವೆಂದು ಪಟ್ಟಿಯ ತುದಿಯಲ್ಲಿ ಇದ್ದದ್ದು ಅವಳು.

ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಕೂತೇ ಇದ್ದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.